ಮೂಗಿನ ನೇರಕ್ಕೆ

ಪಂಚೇಂದ್ರಿಯಗಳಲ್ಲಿ ಮೂಗಿಗೆ ಮರ್ಯಾದೆ ಸ್ವಲ್ಪ ಕಡಮೆ. ಕವಿಗಳು ಅದನ್ನು ಸಂಪಿಗೆಗೆ ಹೋಲಿಸಿದ್ದುಂಟು. ಆದರೆ ಅದು ಮೂಗಿನ ಆಕಾರಕ್ಕೆ ಸಂದ ಗೌರವವೇ ಹೊರತು ಅದರ ಕೆಲಸಕ್ಕೆ ಸಂದದ್ದಲ್ಲ. ನಮ್ಮ ನಿತ್ಯದ ಮಾತಿನಲ್ಲಂತೂ ಮೂಗು ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ನಿಂದೆಯ ಸಂದರ್ಭದಲ್ಲಿಯೇ. ಬೇಡದ ಕಡೆ ಮೂಗು ತೂರಿಸುವವನು, ಏನು ಕೊಟ್ಟರೂ ಮೂಗು ಮುರಿಯುವವನು, ಮೂಗಿಗೆ ತುಪ್ಪ ಸವರಿ ಹೋಗುವವನು—ಇವರಾರನ್ನೂ ನಾವು ಮೆಚ್ಚುವುದಿಲ್ಲ. ತನಗೆ ತೋರಿದ್ದೇ ಸತ್ಯವೆಂದು ಹಟ ಹಿಡಿಯುವವನನ್ನು 'ತನ್ನ ಮೂಗಿನ ನೇರಕ್ಕೆ ಮಾತಾಡುತ್ತಾನೆ' ಎನ್ನುತ್ತೇವೆ. ಈ ಕೊನೆಯ ಮಾತಿನಲ್ಲಿ ದೊಡ್ಡದೊಂದು ವಿಚಾರವೇ ಅಡಗಿದೆಯೆಂದು ನನಗೆ ಹೊಳೆದದ್ದು, ಸಿಂಧನೂರಿನ ಒಂದು ಮನೆಯಲ್ಲಿ ಎದ್ದ ದುರ್ನಾತದ ಮೂಲವನ್ನು ಹುಡುಕುವ ಕೆಲಸಕ್ಕೆ ನಾನೂ ಕೈಹಾಕಿದಾಗ. ಆ ಮನೆಯ ಸಂಗತಿಯನ್ನು ಆಮೇಲೆ ಹೇಳುತ್ತೇನೆ.

ಮೊದಲು ಪ್ರಶ್ನೆಯನ್ನು ಸ್ಪಷ್ಟಪಡಿಸಿಕೊಳ್ಳೋಣ. ಮನೆಯಲ್ಲಿ ನಾತ ಎದ್ದಿದೆ. ಅದು ಇದೆಯೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ಎಲ್ಲಿಂದ ಬಂತು, ಏತರಿಂದ ಬಂತು ಎಂಬುದು ತಿಳಿಯದು. 'ಏನೋ ಕೆಟ್ಟಿದೆ' ಎಂಬ ಅರಿವಿಗೂ 'ಕೆಟ್ಟದ್ದು ಇದೇ' ಎಂಬ ಅರಿವಿಗೂ ನಡುವೆ ಒಂದು ಬಯಲಿದೆ. ಅದನ್ನು ದಾಟುವುದಕ್ಕೆ ಕೆಲವೊಮ್ಮೆ ಒಂದು ಗಳಿಗೆ ಸಾಕು, ಕೆಲವೊಮ್ಮೆ ತಿಂಗಳುಗಳೇ ಬೇಕು. ಆ ಬಯಲಿನಲ್ಲಿರುವಷ್ಟು ಕಾಲ ಮನುಷ್ಯನು ಹೇಗೆ ನಡೆದುಕೊಳ್ಳಬೇಕು? ಯಾರನ್ನು, ಎಷ್ಟರ ಮಟ್ಟಿಗೆ ಸಂಶಯಿಸಬಹುದು? ಇದು ಮನೆವಾರ್ತೆಯ ಪ್ರಶ್ನೆಯಂತೆ ಕಂಡರೂ, ನ್ಯಾಯಾಲಯಗಳೂ ಸರ್ಕಾರಗಳೂ ದಿನನಿತ್ಯ ಎದುರಿಸುವ ಪ್ರಶ್ನೆಯೇ ಆಗಿದೆ. ಮನೆಯ ಅಳತೆಯಲ್ಲಿ ಅದನ್ನು ನೋಡುವುದು ಸುಲಭ, ಅಷ್ಟೆ.

ಮೂಗಿನ ಸ್ವಭಾವವೇ ಈ ಬಯಲನ್ನು ಅಗಲ ಮಾಡುತ್ತದೆ. ನಮಗೆ ಕಿವಿ ಎರಡಿವೆ. ಸದ್ದು ಎಡದಿಂದ ಬಂತೋ ಬಲದಿಂದ ಬಂತೋ ಕಣ್ಣು ಮುಚ್ಚಿಕೊಂಡೇ ಹೇಳಬಹುದು. ಕಣ್ಣು ಎರಡಿವೆ, ವಸ್ತು ಎಷ್ಟು ದೂರದಲ್ಲಿದೆಯೆಂದು ತಿಳಿಯುತ್ತದೆ. ಮೂಗಿಗೂ ಹೊಳ್ಳೆಗಳು ಎರಡಿವೆಯೇನೋ ನಿಜ. ಆದರೆ ನಿಂತ ನಿಲುವಿನಲ್ಲಿ ಅವು ದಿಕ್ಕನ್ನು ಸರಿಯಾಗಿ ಹೇಳಲಾರವು. ಓಡಾಡಿ, ಇಲ್ಲಿ ಹೆಚ್ಚು ಅಲ್ಲಿ ಕಡಮೆ ಎಂದು ಹೋಲಿಸಿ ಜಾಡು ಹಿಡಿಯಬೇಕು. ಮೇಲಾಗಿ ಮೂಗು ಬಹು ಬೇಗ ಒಗ್ಗಿಹೋಗುವ ಇಂದ್ರಿಯ. ಒಂದೇ ವಾಸನೆಯ ನಡುವೆ ಕೆಲವು ನಿಮಿಷ ಕುಳಿತರೆ ಅದರ ಅರಿವೇ ಮಾಸಿಹೋಗುತ್ತದೆ. ಆದ್ದರಿಂದ ಮನೆಯ ನಾತದ ವಿಷಯದಲ್ಲಿ ಮನೆಯವರಷ್ಟು ದುರ್ಬಲ ಸಾಕ್ಷಿಗಳು ಬೇರೆ ಇಲ್ಲ. ಬಾಗಿಲಲ್ಲಿ ಬಂದು ನಿಂತ ಅತಿಥಿಯ ಮೊದಲ ಉಸಿರಿಗೆ ಇರುವ ಪ್ರಾಮಾಣ್ಯ, ವರ್ಷಗಟ್ಟಲೆ ಅಲ್ಲಿಯೇ ಇರುವ ಯಜಮಾನನ ಸಾವಿರ ಉಸಿರಿಗೂ ಇರುವುದಿಲ್ಲ.

ಇನ್ನೊಂದು ಮಾತು. ವಾಸನೆಯನ್ನು ಹಿಡಿಯುವ ಗ್ರಾಹಕಗಳ ವಂಶವಾಹಿಗಳನ್ನು ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಎಂಬ ಅಮೆರಿಕದ ವಿಜ್ಞಾನಿಗಳು 1991ರಲ್ಲಿ ಬೆಳಕಿಗೆ ತಂದರು. 2004ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಮನುಷ್ಯನ ಮೂಗಿನಲ್ಲಿ ಇಂಥ ಗ್ರಾಹಕಗಳು ಸುಮಾರು 400 ಬಗೆಯವು ಇವೆ. ಅವು ಕಳಿಸುವ ಸುದ್ದಿ ಮೆದುಳಿನಲ್ಲಿ ನೆನಪು ಮತ್ತು ಭಾವಗಳ ನೆಲೆಗಳಿಗೆ ಬಹು ಹತ್ತಿರದ ದಾರಿಯಲ್ಲಿ ಹೋಗಿ ಮುಟ್ಟುತ್ತದೆ. ಎಂದರೆ, ನಾತ ಬಂದಾಗ ನಾವು ಯೋಚಿಸುವುದಕ್ಕೆ ಮುಂಚೆಯೇ ಹೇಸುತ್ತೇವೆ. ಹೇಸಿಕೆ ಮೊದಲು ಬಂದು ಕುಳಿತ ಮೇಲೆ ವಿಚಾರ ಬರುತ್ತದೆ. ಹಾಗೆ ಬಂದ ವಿಚಾರ ಅನೇಕ ವೇಳೆ ಹೇಸಿಕೆಯ ವಕೀಲನಾಗಿ ಬರುತ್ತದೆ, ನ್ಯಾಯಾಧೀಶನಾಗಿ ಅಲ್ಲ.

ನಮ್ಮ ನೈಯಾಯಿಕರು ಗಂಧವನ್ನು ಪೃಥ್ವಿಯ ವಿಶೇಷ ಗುಣವೆಂದು ಹೇಳಿದರು. ನೀರಿಗೆ, ಗಾಳಿಗೆ ಸ್ವಂತ ವಾಸನೆಯಿಲ್ಲ. ಅವುಗಳಲ್ಲಿ ವಾಸನೆ ತೋರಿದರೆ ಮಣ್ಣಿನ ಅಂಶ ಎಲ್ಲಿಂದಲೋ ಬೆರೆತಿದೆಯೆಂದೇ ತಿಳಿಯಬೇಕು ಎಂಬುದು ಅವರ ಮತ. ಇಂದಿನ ರಸಾಯನಶಾಸ್ತ್ರ ಪಂಚಭೂತಗಳ ಲೆಕ್ಕವನ್ನು ಒಪ್ಪುವುದಿಲ್ಲ. ಆದರೆ ವಾಸನೆಯೆಂದರೆ ಯಾವುದೋ ಒಂದು ವಸ್ತುವಿನ ಅಣುಗಳು ಬಿಟ್ಟುಬಂದು ಗಾಳಿಯಲ್ಲಿ ತೇಲಿ ಮೂಗನ್ನು ಸೇರುವುದೆಂಬ ಮಾತನ್ನು ಅದೂ ಹೇಳುತ್ತದೆ. ಎರಡರಲ್ಲಿಯೂ ಸಮಾನವಾದ ತಿರುಳು ಇದು: ವಾಸನೆ ಇದ್ದಲ್ಲಿ ವಸ್ತು ಇರಲೇಬೇಕು. ನಾತ ಗಾಳಿಯಲ್ಲಿ ತಾನಾಗಿ ಹುಟ್ಟುವುದಿಲ್ಲ. ಹುಡುಕಿದರೆ ಸಿಕ್ಕೀತು ಎಂಬ ಭರವಸೆಗೆ ಇದೇ ಆಧಾರ.

ಈಗ ಆ ಮನೆಗೆ ಬರುತ್ತೇನೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು, ಎಡದಂಡೆ ಕಾಲುವೆಯಲ್ಲಿ ನೀರು ಹರಿಯತೊಡಗಿದ ಮೇಲೆ ಸಿಂಧನೂರು ಜೋಳದ ಸೀಮೆಯಿಂದ ಭತ್ತದ ಸೀಮೆಯಾಯಿತು. ಗಿರಣಿಗಳು ಎದ್ದುವು, ಹೊರಗಿನಿಂದ ರೈತರು ಬಂದು ನೆಲೆಸಿದರು, ಊರು ಬೆಳೆಯಿತು. ಹೀಗೆ ಬೆಳೆದ ಒಂದು ಬಡಾವಣೆಯಲ್ಲಿ ನನ್ನ ಸ್ನೇಹಿತರೊಬ್ಬರ ಮನೆ. ಅವರು ನಿವೃತ್ತ ಸಂಸ್ಕೃತ ಉಪಾಧ್ಯಾಯರು. ಹಿಂಭಾಗದಲ್ಲಿ ಮಗನಿಗೆಂದು ಒಂದು ಕೋಣೆ, ಅದಕ್ಕೆ ಹೊಂದಿಕೊಂಡ ಬಚ್ಚಲು. ಮಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ. ಶಿವರಾತ್ರಿಗೆ ಬಂದುಹೋದ ಮೇಲೆ ಆ ಕೋಣೆಗೆ ಬೀಗ ಬಿತ್ತು. ಯುಗಾದಿಯ ಹೊತ್ತಿಗೆ ಮನೆಯಲ್ಲಿ ನಾತ ಕಾಣಿಸಿಕೊಂಡಿತು. ಒಮ್ಮೆ ಕೊಳೆತ ಮೊಟ್ಟೆಯಂತೆ, ಒಮ್ಮೆ ಸತ್ತ ಇಲಿಯಂತೆ. ಬೆಳಗಿನ ಜಾವ ಹೆಚ್ಚು, ಬಾಗಿಲು ಕಿಟಕಿ ತೆರೆದ ಮೇಲೆ ಕಡಮೆ.

ಮನೆಯವರು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಊದಿನಕಡ್ಡಿ ಹಚ್ಚಿದರು, ಲೋಬಾನ ಹಾಕಿದರು, ಫಿನಾಯಿಲ್ ಸುರಿದು ನೆಲ ಒರೆಸಿದರು. ಎರಡು ದಿನ ಮೈಸೂರು ಗಂಧ ಮತ್ತು ಕೊಳೆತ ಮೊಟ್ಟೆ ಒಂದೇ ಪಡಸಾಲೆಯಲ್ಲಿ ಕೂಡಿ ಬಾಳಿದುವು. ಆಮೇಲೆ ಇಲಿಯ ಮೇಲೆ ಸಂಶಯ ಬಂತು. ಅಟ್ಟ ಇಳಿಸಿದರು, ಚೀಲಗಳನ್ನು ಸರಿಸಿದರು, ಕಪಾಟುಗಳ ಹಿಂದೆ ಬ್ಯಾಟರಿ ಬಿಟ್ಟು ನೋಡಿದರು. ಇಲಿ ಸಿಕ್ಕಲಿಲ್ಲ. ಇಲ್ಲಿಯವರೆಗೆ ಸಂಶಯ ವಸ್ತುಗಳ ಮೇಲಿತ್ತು, ಯಾರಿಗೂ ನೋವಾಗಲಿಲ್ಲ. ವಸ್ತು ಸಿಕ್ಕದಿದ್ದಾಗ ಸಂಶಯ ಮನುಷ್ಯರ ಕಡೆ ತಿರುಗಿತು.

ಪಕ್ಕದ ಮನೆಗೆ ಯುಗಾದಿಯ ಸುಮಾರಿಗೆ ಹೊಸ ಬಾಡಿಗೆದಾರರು ಬಂದಿದ್ದರು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರಿಗೆ ಸಿಂಧನೂರು ತಾಲ್ಲೂಕಿನಲ್ಲಿ ಪುನರ್ವಸತಿ ಕ್ಯಾಂಪುಗಳಾಗಿವೆ; ಜನ ಅವನ್ನು ಆರ್. ಎಚ್. ಕ್ಯಾಂಪ್ ಎನ್ನುತ್ತಾರೆ. ಅಂಥದೊಂದು ಕ್ಯಾಂಪಿನಿಂದ ಪಟ್ಟಣಕ್ಕೆ ಬಂದ ಸಂಸಾರ ಅದು. ಸಾಸಿವೆ ಎಣ್ಣೆಯಲ್ಲಿ ಮೀನು ಕರಿಯುವ ವಾಸನೆ ಗೋಡೆ ದಾಟಿ ಬರುತ್ತಿತ್ತು. ಅವರು ಬಂದದ್ದು ಯುಗಾದಿಗೆ, ನಾತ ಬಂದದ್ದೂ ಯುಗಾದಿಗೆ, ಇನ್ನೇನು ಬೇಕು? ಎರಡು ಮನೆಗಳ ನಡುವೆ ಮಾತು ನಿಂತಿತು. ಆ ಸಂಸಾರ ಒಂದು ವಾರ ಬೀಗ ಹಾಕಿಕೊಂಡು ಕ್ಯಾಂಪಿಗೆ ಹೋದಾಗಲೂ ನಾತ ಇದ್ದಂತೆಯೇ ಇತ್ತು. ಮಾತು ಮಾತ್ರ ಮತ್ತೆ ಆರಂಭವಾಗಲಿಲ್ಲ.

ಅನಂತರ ಸರದಿ ಬಂದದ್ದು ಮನೆಗೆಲಸದ ಹೆಂಗಸಿಗೆ. ಆರು ವರ್ಷದಿಂದ ಕಸ ಗುಡಿಸಿ, ಪಾತ್ರೆ ಬೆಳಗಿ, ನೆಲ ಒರೆಸಿ ಹೋಗುತ್ತಿದ್ದವಳು. ಅವಳಿರುವ ಓಣಿಯ ಬದಿಗೆ ತೆರೆದ ಚರಂಡಿ ಇದೆ. ಮನೆಯ ಹಿರಿಯರೊಬ್ಬರು, 'ಆಕಿ ಬಂದಾಗ ನಾತ ಜಾಸ್ತಿ ಆಗ್ತದ, ನೋಡ್ರಿ' ಎಂದರು. ಬೆಳಗಿನ ಜಾವ ನಾತ ಹೆಚ್ಚು, ಅವಳು ಬರುತ್ತಿದ್ದುದೂ ಬೆಳಗ್ಗೆಯೇ. ಮಾತು ನಿಜದಂತೆ ತೋರಿತು. ಮೊದಲು ಅವಳ ಬುತ್ತಿಗಂಟನ್ನು ಹೊರಗಿಡಿಸಿದರು. ಆಮೇಲೆ ಸೀರೆಯ ಬಗ್ಗೆ ಏನೋ ಅಂದರು. ಕೊನೆಗೆ ತಿಂಗಳ ಸಂಬಳ ಕೈಗಿಟ್ಟು ಬರಬೇಡವೆಂದರು. ಅವಳು ಹೋಗಿ ಇಪ್ಪತ್ತು ದಿನವಾದರೂ ನಾತ ಹೋಗಲಿಲ್ಲ. ಆಗ ಆ ಹಿರಿಯರು, 'ಆಕಿ ಹೋದರೇನಾತು, ನಾತ ಗ್ವಾಡಿಗೆ ಹಿಡಕೊಂಡೈತಲ್ಲ' ಎಂದರಂತೆ. ಮನುಷ್ಯನ ಮೇಲೆ ಕಟ್ಟಿದ ಸಂಶಯ ಸಾಕ್ಷ್ಯ ಸೋತರೂ ತಾನು ಸೋಲುವುದಿಲ್ಲ; ಹೊಸದೊಂದು ಕಾರಣವನ್ನು ಹೆತ್ತುಕೊಂಡು ಬದುಕುತ್ತದೆ.

ನಾನು ಹೋದದ್ದು ಮೇ ತಿಂಗಳಿನಲ್ಲಿ. ಬಿಸಿಲು 40 ಡಿಗ್ರಿ ದಾಟಿತ್ತು. ಹೊರಗಿನವನಾದ್ದರಿಂದ ಹೊಸ್ತಿಲಲ್ಲಿಯೇ ನಾತ ನನಗೆ ತಗಲಿತು. ಅರ್ಧ ಗಂಟೆಯಲ್ಲಿ ನನ್ನ ಮೂಗೂ ಆ ಮನೆಯ ಮೂಗಾಯಿತು. ರಾತ್ರಿ ಊಟದ ಮೇಲೆ ಸ್ನೇಹಿತರನ್ನು ಕೇಳಿದೆ: ನೀವು ಮಕ್ಕಳಿಗೆ ಅನ್ವಯ-ವ್ಯತಿರೇಕಗಳ ಪಾಠ ಹೇಳಿದವರು. ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂಬುದು ಅನ್ವಯ. ಬೆಂಕಿಯಿಲ್ಲದಲ್ಲಿ ಹೊಗೆಯಿಲ್ಲ ಎಂಬುದು ವ್ಯತಿರೇಕ. ಎರಡೂ ಕೂಡಿದರೆ ತಾನೆ ಕಾರಣ ನಿಶ್ಚಯ? ಪಕ್ಕದವರಿಲ್ಲದಾಗ ನಾತವಿತ್ತು. ಕೆಲಸದವಳಿಲ್ಲದಾಗ ನಾತವಿದೆ. ವ್ಯತಿರೇಕ ಎಲ್ಲಿ ಸಿಕ್ಕಿತು? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಪುಸ್ತಕದಾಗ ಬೆಟ್ಟದ ಮ್ಯಾಲೆ ಹೊಗಿ ನೋಡಿದ್ವಿ. ಮನಿಯೊಳಗ ನೋಡಲಿಲ್ಲ' ಎಂದರು.

ಮರುದಿನ ಬೆಳಗಿನ ಜಾವ ಇಬ್ಬರೂ ಹತ್ತು ನಿಮಿಷ ಬಯಲಲ್ಲಿ ಅಡ್ಡಾಡಿ ಮೂಗನ್ನು ಹೊಸದು ಮಾಡಿಕೊಂಡು ಒಳಗೆ ಬಂದೆವು. ಫಂಕ ನಿಲ್ಲಿಸಿ, ಕಿಟಕಿ ಮುಚ್ಚಿ, ಒಂದೊಂದೇ ಕೋಣೆಯನ್ನು ಬೇರೆಬೇರೆಯಾಗಿ ನೋಡಿದೆವು. ಅಡುಗೆಮನೆಯಲ್ಲಿ ಕಡಮೆ; ಪಡಸಾಲೆಯಲ್ಲಿ ಹೆಚ್ಚು; ಹಿಂದಿನ ಓಣಿಯಂಥ ನಡೆಯಲ್ಲಿ ಇನ್ನೂ ಹೆಚ್ಚು. ಅಲ್ಲಿ ಒಂದು ಊದಿನಕಡ್ಡಿ ಹಚ್ಚಿ ನೆಲದ ಹತ್ತಿರ ಹಿಡಿದೆವು. ಇಷ್ಟು ದಿನ ನಾತವನ್ನು ಮುಚ್ಚುವುದಕ್ಕೆ ಉರಿದ ಕಡ್ಡಿ ಅಂದು ಗಾಳಿಯ ದಾರಿ ತೋರಿಸುವುದಕ್ಕೆ ಉರಿಯಿತು. ಬೀಗ ಹಾಕಿದ ಕೋಣೆಯ ಬಾಗಿಲ ಸಂದಿಯ ಮುಂದೆ ಹಿಡಿದಾಗ ಹೊಗೆಯ ಎಳೆ ನಮ್ಮ ಕಡೆಗೆ ಬಾಗಿತು. ಒಳಗಿನಿಂದ ಗಾಳಿ ಬರುತ್ತಿತ್ತು. ಬೀಗ ತೆಗೆದಾಗ ಸಂಶಯಕ್ಕೆ ಎಡೆಯೇ ಉಳಿಯಲಿಲ್ಲ.

ಬಚ್ಚಲಿನ ನೆಲದ ಮೂಲೆಯಲ್ಲಿ ನೀರು ಹೋಗುವ ಜಾಲರಿ. ಅದರ ಕೆಳಗೆ ಗೌಂಡಿಗಳು ನಾನಿ ಟ್ರ್ಯಾಪ್ ಎನ್ನುವ ಬಾಗಿದ ಕೊಳವೆ. ಆ ಬಾಗಿನಲ್ಲಿ ಸದಾ ಎರಡು ಅಂಗುಲದಷ್ಟು ನೀರು ನಿಂತಿರಬೇಕು. ನೀರೇ ಅಲ್ಲಿನ ಬಾಗಿಲು. ಕೆಳಗಿನ ಗುಂಡಿಯ ಅನಿಲ ಮೇಲೆ ಬಾರದಂತೆ ಅದು ತಡೆಯುತ್ತದೆ. ಲಂಡನ್ನಿನಲ್ಲಿ ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರದ ಕುಶಲಕರ್ಮಿ ಶೌಚದ ಕೊಳವೆಗೆ ಇಂಥ ಬಾಗನ್ನು ಕೊಟ್ಟು ಹಕ್ಕುಪತ್ರ ಪಡೆದದ್ದು 1775ರಲ್ಲಿ. ಎರಡು ಶತಮಾನಗಳಿಂದ ನಗರಗಳ ಮನೆಗಳು ಈ ಒಂದು ಬೊಗಸೆ ನೀರಿನ ಆಶ್ರಯದಲ್ಲಿವೆ. ಶಿವರಾತ್ರಿಯಿಂದ ಯಾರೂ ಬಳಸದ ಬಚ್ಚಲಿನಲ್ಲಿ ಬೇಸಗೆ ಆ ನೀರನ್ನು ಹೀರಿಬಿಟ್ಟಿತ್ತು. ಒಂದು ಚೊಂಬು ನೀರು ಹೊಯ್ದೆವು. ಬೇಗ ಆರದಿರಲೆಂದು ಮೇಲೆ ಒಂದು ಚಮಚ ಎಣ್ಣೆ ಬಿಟ್ಟೆವು. ಕಿಟಕಿ ತೆರೆದಿಟ್ಟೆವು. ಮಧ್ಯಾಹ್ನದ ಹೊತ್ತಿಗೆ ನಾತವಿರಲಿಲ್ಲ.

ಸ್ನೇಹಿತರ ಹೆಂಡತಿ ಆಗ ಒಂದು ಮಾತು ನೆನಪಿಸಿಕೊಂಡರು. ಕೋಣೆಗೆ ಬೀಗ ಬೀಳುವ ಮುಂಚೆ ಕೆಲಸದ ಹೆಂಗಸು ನೆಲ ಒರೆಸಿದ ಬಕೆಟಿನ ನೀರನ್ನು ದಿನಾಲು ಸುರಿಯುತ್ತಿದ್ದುದು ಆ ಬಚ್ಚಲಿನಲ್ಲಿಯೇ. ಮಗ ಊರಿನಲ್ಲಿ ಇಲ್ಲದ ವರ್ಷಗಳಲ್ಲಿ ಆ ಬಾಗಿಲನ್ನು ಕಾದವಳು ಅವಳು. ಅದು ಅವಳಿಗೂ ತಿಳಿದಿರಲಿಲ್ಲ, ಮನೆಯವರಿಗೂ ತಿಳಿದಿರಲಿಲ್ಲ. ನಾತವನ್ನು ತಂದವಳೆಂದು ಯಾರನ್ನು ಹೊರಗೆ ಹಾಕಿದರೋ ಆಕೆಯೇ ಅದನ್ನು ಆರು ವರ್ಷ ಹೊರಗಿಟ್ಟಿದ್ದಳು.

ಸ್ನೇಹಿತರು ಅಂದು ಸಂಜೆಯೇ ಅವಳ ಮನೆಗೆ ಹೋದರು. ನಾನೂ ಜೊತೆಗೆ ಹೋದೆ. ನಿಜವನ್ನು ಮುಚ್ಚದೆ ಹೇಳಿದರು. ಮತ್ತೆ ಬಾ ಎಂದು ಕೇಳಿಕೊಂಡರು. ಅವಳು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿ, 'ನಾತ ಹೋತಲ್ರಿ ಸರ, ಛಲೋ ಆತು. ನಾ ಈಗ ಬ್ಯಾರೆ ಮನಿ ಹಿಡದೀನ್ರಿ' ಎಂದಳು. ಸಿಟ್ಟು ಇರಲಿಲ್ಲ. ಒಳಗೆ ಬನ್ನಿ ಎನ್ನಲೂ ಇಲ್ಲ. ನಾತ ಹೋಗಿತ್ತು, ಆಡಿದ ಮಾತು ಉಳಿದಿತ್ತು. ನಾತಕ್ಕೆ ಒಂದು ಚೊಂಬು ನೀರು ಸಾಕಾಯಿತು. ಮಾತಿಗೆ ಎಷ್ಟು ನೀರು ಬೇಕೋ ನಾನರಿಯೆ.

ಕನ್ನಡದಲ್ಲಿ 'ವಾಸನೆ' ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ಮೂಗಿಗೆ ತಗಲುವುದು ಒಂದು. ಹಿಂದಿನ ಅನುಭವಗಳು ಚಿತ್ತದಲ್ಲಿ ಬಿಟ್ಟುಹೋಗುವ ಸಂಸ್ಕಾರ ಇನ್ನೊಂದು. ವೇದಾಂತಿಗಳು ಪೂರ್ವವಾಸನೆ ಎನ್ನುವುದು ಇದನ್ನೇ. ಹೂವು ತೆಗೆದ ಮೇಲೂ ಬುಟ್ಟಿಯಲ್ಲಿ ಕಂಪು ಉಳಿದಂತೆ ಅನುಭವ ಹೋದ ಮೇಲೂ ಮನಸ್ಸಿನಲ್ಲಿ ಅದರ ಜಾಡು ಉಳಿಯುತ್ತದೆ. ಆ ಮನೆಯಲ್ಲಿ ಎರಡು ವಾಸನೆಗಳು ಒಟ್ಟಿಗೆ ಕೆಲಸ ಮಾಡಿದುವು. ಒಂದು ಬಚ್ಚಲಿನಿಂದ ಬಂದದ್ದು. ಇನ್ನೊಂದು ತಲೆಮಾರುಗಳಿಂದ ಬಂದದ್ದು: ಮೀನು ತಿನ್ನುವವರ ಮನೆ ನಾರುತ್ತದೆ, ಚರಂಡಿಯ ಬದಿಯವರ ಮೈ ನಾರುತ್ತದೆ ಎಂಬ ಕಲಿತ ಪಾಠ. ಮೊದಲನೆಯದು ಪ್ರಶ್ನೆ ಕೇಳಿತು. ಎರಡನೆಯದು ಉತ್ತರ ಕೊಟ್ಟಿತು. ಮೊದಲನೆಯದನ್ನು ಹೊರಗಿನಿಂದ ಬಂದ ನಾನು ಹೊಸ್ತಿಲಲ್ಲಿಯೇ ಹಿಡಿದೆ. ಎರಡನೆಯದನ್ನು ಹಿಡಿಯುವುದಕ್ಕೆ ಅಂಥ ಹೊಸ ಮೂಗು ಎಲ್ಲಿಂದ ಬರಬೇಕು? ಅದಕ್ಕೆ ನಾವೆಲ್ಲರೂ ಒಗ್ಗಿಹೋದವರೇ. ಅಸ್ಪೃಶ್ಯತೆಯೆಂಬ ದೊಡ್ಡ ಅನ್ಯಾಯ ಶಾಸ್ತ್ರದ ಬಲದಿಂದ ಮಾತ್ರ ಬದುಕಲಿಲ್ಲ. ಹೀಗೆ ಪಡಸಾಲೆಯ ಪಿಸುಮಾತಿನಲ್ಲಿ, ಹೊರಗಿಡಿಸಿದ ಬುತ್ತಿಗಂಟಿನಲ್ಲಿ ಬದುಕಿತು.

ಓದುಗರಲ್ಲಿ ಕೆಲವರು ಆಕ್ಷೇಪಿಸಬಹುದು: ಸಂಶಯವೇ ಬೇಡವೆಂದರೆ ಹುಡುಕುವುದು ಹೇಗೆ? ಎಲ್ಲ ಪ್ರಮಾಣಗಳೂ ಸಿಕ್ಕುವವರೆಗೆ ಕೈಕಟ್ಟಿ ಕುಳಿತರೆ ಮನೆ ಹಾಳಾದೀತು. ಈ ಆಕ್ಷೇಪ ನ್ಯಾಯವಾದದ್ದೇ. ಸಂಶಯವಿಲ್ಲದೆ ಜ್ಞಾನವಿಲ್ಲ, ನಮ್ಮ ತಾರ್ಕಿಕರು ಸಂಶಯವನ್ನು ವಿಚಾರದ ಬಾಗಿಲೆಂದೇ ಎಣಿಸಿದರು. ಆದರೆ ಸಂಶಯದಲ್ಲಿ ಎರಡು ಜಾತಿ. ಒಂದು, ನಮ್ಮನ್ನು ಎಬ್ಬಿಸಿ ನೋಡುವುದಕ್ಕೆ ಕಳಿಸುತ್ತದೆ: ಅಟ್ಟದಲ್ಲಿ ಇಲಿ ಸತ್ತಿರಬಹುದು, ಹತ್ತಿ ನೋಡು. ಇಲ್ಲವೆಂದಾದರೆ ಅದು ತಾನಾಗಿ ಸಾಯುತ್ತದೆ. ಇನ್ನೊಂದು, ನೋಡುವ ಶ್ರಮವನ್ನು ತಪ್ಪಿಸುತ್ತದೆ: ಅವರೇ ಇರಬೇಕು, ಇನ್ಯಾರು? ಇದು ಸಂಶಯದ ವೇಷ ತೊಟ್ಟ ತೀರ್ಪು. ಅಪಾಯ ಹತ್ತಿರವಿದ್ದಾಗ ಕೂಡ ನಾವು ತುರ್ತಾಗಿ ಮಾಡಬೇಕಾದ ಕೆಲಸದಲ್ಲಿ ಇನ್ನೊಬ್ಬರ ಹೆಸರು ಹಿಡಿಯುವುದು ಸೇರಿರುವುದಿಲ್ಲ. ಅಡುಗೆಯ ಅನಿಲ ಸೋರಿದೆಯೆಂದು ತಿಳಿದರೆ ಕಿಟಕಿ ತೆರೆಯಬೇಕು, ಸಿಲಿಂಡರಿನ ಕೀಲಿ ಮುಚ್ಚಬೇಕು, ವಿದ್ಯುತ್ತಿನ ಗುಂಡಿ ಒತ್ತಬಾರದು. ಯಾರು ತಿರುಗಿಸಿಟ್ಟರೆಂಬ ವಿಚಾರಣೆ ಆಮೇಲೆ.

ಅಡುಗೆ ಅನಿಲದ ಮಾತು ಬಂದದ್ದರಿಂದ ನಾತದ ಪರವಾಗಿಯೂ ಒಂದು ಮಾತು ಹೇಳಬೇಕು. ಆ ಅನಿಲಕ್ಕೆ ಸ್ವಂತ ವಾಸನೆ ಇಲ್ಲವೆನ್ನುವಷ್ಟು ಕಡಮೆ. ಈಥೈಲ್ ಮರ್ಕಾಪ್ಟನ್ ಎಂಬ ಗಬ್ಬು ವಸ್ತುವನ್ನು ಬೇಕೆಂದೇ ಬೆರೆಸುತ್ತಾರೆ. 1937ರ ಮಾರ್ಚಿಯಲ್ಲಿ ಅಮೆರಿಕದ ಟೆಕ್ಸಾಸ್ ಪ್ರಾಂತದ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ವಾಸನೆಯಿಲ್ಲದ ಇಂಧನಾನಿಲ ಸೋರಿ, ಸ್ಫೋಟವಾಗಿ, ಮುನ್ನೂರರ ಸಮೀಪ ಮಕ್ಕಳೂ ಉಪಾಧ್ಯಾಯರೂ ಸತ್ತರು. ಅನಿಲಕ್ಕೆ ನಾತ ಬೆರೆಸಲೇಬೇಕೆಂಬ ಕಾನೂನು ಅಲ್ಲಿ ಬಂದದ್ದು ಅದರ ತರುವಾಯ. ನಮ್ಮ ಲಿಂಗಸೂಗೂರು, ಮುದಗಲ್ಲು ಕಡೆಯ ಹಿರಿಯರಿಗೆ ಈ ಪಾಠ ಬೇರೆ ರೀತಿಯಲ್ಲಿ ತಿಳಿದಿತ್ತು. ಜೋಳ ತುಂಬಿ ಮಣ್ಣು ಮುಚ್ಚಿದ ಹಗೇವನ್ನು ತೆರೆದಾಗ ಅವರು ತಟ್ಟನೆ ಇಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ಹೋಗಲೆಂದು ಕಾದು, ಉರಿಯುವ ದೀಪವನ್ನು ಹಗ್ಗ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಮನುಷ್ಯನೂ ಆರುತ್ತಾನೆ. ಅಲ್ಲಿ ಕೊಲ್ಲುವ ಇಂಗಾಲಾಮ್ಲಕ್ಕೆ ವಾಸನೆಯಿಲ್ಲ. ನಾತ ಶತ್ರುವಲ್ಲ, ದೂತ. ದೂತನನ್ನು ಊದಿನಕಡ್ಡಿಯಿಂದ ಹೊಡೆದು ಓಡಿಸುವುದು ರಾಜನೀತಿಗೂ ಹೊಂದದು, ಮನೆನೀತಿಗೂ ಹೊಂದದು.

ಹಾಗಾದರೆ ಮೂಲ ಸಿಕ್ಕುವವರೆಗೆ ಯಾವ ಹೆಸರನ್ನೂ ಊಹಿಸಲೇಬಾರದೆ? ಇದಕ್ಕೆ ಉತ್ತರವಾಗಬಲ್ಲ ಒಂದು ಕಲ್ಲು ಸಿಂಧನೂರಿನಿಂದ ಲಿಂಗಸೂಗೂರಿಗೆ ಹೋಗುವ ದಾರಿಯಲ್ಲಿಯೇ ಇದೆ. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮೀ ಲಿಪಿಯನ್ನು ಓದಿದಾಗ ಉತ್ತರದ ಕಂಬಗಳ ಮೇಲೆ ದೇವಾನಾಂಪ್ರಿಯ ಪ್ರಿಯದರ್ಶಿಯೆಂಬ ರಾಜ ಮಾತಾಡುತ್ತಿದ್ದ. ಒಬ್ಬ ರಾಜನಿದ್ದಾನೆಂಬುದು ನಿಶ್ಚಯ, ಯಾರೆಂಬುದು ತಿಳಿಯದು. ಪ್ರಿನ್ಸೆಪ್ ಮೊದಲು ಸಿಂಹಳದ ಅರಸನಿರಬೇಕೆಂದು ಊಹಿಸಿದ. ಸಿಂಹಳದ ಪಾಲಿ ಗ್ರಂಥಗಳನ್ನು ಬಲ್ಲ ಜಾರ್ಜ್ ಟರ್ನರ್ ಅವನು ಮೌರ್ಯ ಅಶೋಕನೆಂದು ತೋರಿಸಿದಾಗ ಆ ಊಹೆಯನ್ನು ಬಿಟ್ಟುಕೊಟ್ಟ. ಆದರೂ ಅಶೋಕನೆಂಬ ಹೆಸರೇ ಇರುವ ಶಾಸನ ಯಾವುದೂ ಕೈಗೆ ಬಂದಿರಲಿಲ್ಲ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತ ಬಂದ ಬೀಡನ್ ಎಂಬ ಎಂಜಿನಿಯರ್ ಮಸ್ಕಿಯ ಬೆಟ್ಟದಲ್ಲಿ ಬಂಡೆಯ ಬರಹವನ್ನು ಕಂಡ, ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಅದರಲ್ಲಿ ಅಶೋಕನ ಹೆಸರೇ ಇತ್ತು. ಮುಂದೆ ಗುಜರ್ರಾದಲ್ಲಿಯೂ, ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲಿಯೂ ಆ ಹೆಸರು ದೊರೆಯಿತು.

ಊಹೆ ಮಾಡಿದ್ದು ದೋಷವಲ್ಲ. ಅದನ್ನು ಊಹೆಯೆಂದೇ ಇಟ್ಟುಕೊಂಡು, ಮೇಲಾದ ಸಾಕ್ಷ್ಯ ಬಂದಾಗ ಬಿಟ್ಟುಕೊಡುವ ಮನಸ್ಸು ಮುಖ್ಯ. 1837ರಿಂದ 1915ರವರೆಗೆ, 78 ವರ್ಷ, ವಿದ್ವಾಂಸರು ಅನುಮಾನದ ಬಯಲಿನಲ್ಲಿಯೇ ಇದ್ದರು. ಹಾಗಿದ್ದೂ ಹುಡುಕುವುದನ್ನು ಬಿಡಲಿಲ್ಲ. ಆ ಮಸ್ಕಿಯ ಶಾಸನ ಹೇಳುವ ಧರ್ಮವೂ ನಮ್ಮ ವಿಷಯಕ್ಕೆ ದೂರದ್ದಲ್ಲ. ಶ್ರೇಯಸ್ಸನ್ನು ದೊಡ್ಡವರು ಮಾತ್ರ ಪಡೆಯುತ್ತಾರೆಂದು ತಿಳಿಯಬೇಡಿ, ಧರ್ಮದಲ್ಲಿ ನಿಂತ ಸಣ್ಣವನೂ ಪಡೆಯಬಲ್ಲನೆಂದು ಸಣ್ಣವರಿಗೂ ದೊಡ್ಡವರಿಗೂ ಹೇಳಿರಿ ಎಂಬುದು ಅದರ ಭಾವ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಈ ಕಲ್ಲಿನಲ್ಲಿ ಬರೆಸಿದ ಮಾತನ್ನು ಅದರ ನೆರೆಯ ಊರಿನವರಾದ ನಾವು ನೆಲ ಒರೆಸುವವಳ ವಿಷಯದಲ್ಲಿ ಇನ್ನೂ ಓದಿಕೊಂಡಿಲ್ಲ.

ಮೂಲ ಸಿಕ್ಕಿದ ಮೇಲೂ ಪ್ರಶ್ನೆ ಮುಗಿಯುವುದಿಲ್ಲ. ನಾತವನ್ನು ನಿವಾರಿಸುವುದೆಂದರೇನು? ನಮ್ಮ ಮೂಗಿನಿಂದ ದೂರ ಮಾಡುವುದೆಂದೇ ಬಹಳ ಮಂದಿಯ ಎಣಿಕೆ. 1858ರ ಬೇಸಗೆಯಲ್ಲಿ ಲಂಡನ್ನಿನ ಥೇಮ್ಸ್ ನದಿ ಗಬ್ಬೆದ್ದು ನಾರಿತು. ಬಡವರ ಕೇರಿಗಳು ಅದಕ್ಕೆ ಮುಂಚೆಯೂ ನಾರುತ್ತಿದ್ದುವು, ಕಾಲರಾದಿಂದ ಜನ ಸಾಯುತ್ತಿದ್ದರು. ಕಾಲರಾ ಹರಡುವುದು ಕೆಟ್ಟ ಗಾಳಿಯಿಂದಲ್ಲ, ಕೆಟ್ಟ ನೀರಿನಿಂದ ಎಂದು ಜಾನ್ ಸ್ನೋ 1854ರಲ್ಲಿಯೇ ಒಂದು ಕೇರಿಯ ನೀರಿನ ಪಂಪನ್ನು ತೋರಿಸಿ ವಾದಿಸಿದ್ದ. ಆದರೆ ನದಿಯ ನಾತ ಪಾರ್ಲಿಮೆಂಟಿನ ಕಿಟಕಿಯೊಳಗೆ ಬಂದಾಗಲೇ ಅಲ್ಲಿನ ಸಭೆ ಅವಸರವಾಗಿ ಕಾನೂನು ಮಾಡಿ, ಜೋಸೆಫ್ ಬಾಜಲ್ಗೆಟ್ ಎಂಬ ಎಂಜಿನಿಯರ್‌ನಿಂದ ಒಳಚರಂಡಿಗಳನ್ನು ಕಟ್ಟಿಸಿತು. ಕೆಲಸ ಒಳ್ಳೆಯದೇ ಆಯಿತು. ಆದರೆ ಯಾರ ಮೂಗಿಗೆ ತಗಲಿದಾಗ ನಾತ 'ನಾತ'ವಾಗುತ್ತದೆ ಎಂಬುದನ್ನು ಆ ಸಂಗತಿ ಚೆನ್ನಾಗಿ ತಿಳಿಸುತ್ತದೆ.

ನಮ್ಮಲ್ಲಿ ಮನೆಯ ನಾತವನ್ನು ಹೊರಗೆ ಸಾಗಿಸುವ ಕೆಲಸವನ್ನು ಒಂದೆರಡು ಜಾತಿಗಳ ತಲೆಗೆ ಕಟ್ಟಿ ನಿಶ್ಚಿಂತರಾಗಿದ್ದೆವು. ಈ 'ತಲೆಗೆ' ಎಂಬ ಮಾತು ಅಲಂಕಾರವಲ್ಲ. ದೇವರಾಜ ಅರಸರ ಸರ್ಕಾರದಲ್ಲಿ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಮುಂದೆ 1993ರಲ್ಲಿ ಕೇಂದ್ರದ ಒಂದು ಕಾನೂನು, 2013ರಲ್ಲಿ ಇನ್ನೂ ಬಿಗಿಯಾದ ಕಾನೂನು ಬಂದುವು. ಆದರೂ ಗುಂಡಿಗಳಿಗೆ ಇಳಿದು ಸಾಯುವವರ ಸುದ್ದಿ ನಿಂತಿಲ್ಲ. ಹಾಗೆ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರವೆಂದು ಸುಪ್ರೀಂ ಕೋರ್ಟು 2014ರಲ್ಲಿ ವಿಧಿಸಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಬೇಕಾಯಿತು. ಆ ಗುಂಡಿಗಳಲ್ಲಿರುವ ಜಲಜನಕದ ಸಲ್ಫೈಡಿನ ಗುಣ ವಿಚಿತ್ರವಾದದ್ದು. ಅದು ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ನಾತ. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕುಂದಿಸಿ, ಆಮೇಲೆ ಪ್ರಾಣ ತೆಗೆಯುತ್ತದೆ. ಮೇಲೆ ಮನೆಯಲ್ಲಿರುವವನಿಗೆ ದೂತನಾಗಿ ಬರುವ ನಾತ, ಕೆಳಗಿಳಿದವನಿಗೆ ಎಚ್ಚರಿಕೆ ಕೊಡುವುದನ್ನೂ ನಿಲ್ಲಿಸಿಬಿಡುತ್ತದೆ. ನಮ್ಮ ಮನೆಯನ್ನು ಬಿಟ್ಟುಹೋದ ನಾತ ಎಲ್ಲಿಗೆ ಹೋಯಿತು, ಯಾರ ಉಸಿರಿಗೆ ಹೋಯಿತು ಎಂದು ಕೇಳಿಕೊಳ್ಳದವನು ಅರ್ಧ ಹುಡುಕಿ ನಿಲ್ಲಿಸಿದವನು.

ಹೀಗಿರುವಾಗ ಆ ನಡುವಿನ ಬಯಲಿನಲ್ಲಿ ನಡೆಯುವ ನೀತಿ ಯಾವುದು? ನನಗೆ ತೋರುವಷ್ಟು ಹೇಳುತ್ತೇನೆ. ಏನೋ ಕೆಟ್ಟಿದೆಯೆಂದು ತಿಳಿದಾಗ ಅದನ್ನು ಕಂಪಿನಿಂದ ಮುಚ್ಚಬಾರದು. ಮನುಷ್ಯರನ್ನು ಎಣಿಸುವ ಮುಂಚೆ ವಸ್ತುಗಳನ್ನು ಎಣಿಸಬೇಕು. ಒಬ್ಬರ ಮೇಲೆ ಸಂಶಯ ಬಂದರೆ, ಅವರಿಲ್ಲದಾಗ ಏನಾಗುತ್ತದೆಂದು ನೋಡುವವರೆಗೆ ನಾಲಗೆಯನ್ನು ಹಿಡಿಯಬೇಕು. ತಪ್ಪಿದ ಊಹೆಯನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು, ಆಡಿದ ಮಾತನ್ನು ತೆಗೆದುಕೊಳ್ಳಲಾಗದು. ತನ್ನ ಮೂಗಿಗೆ ಏನೂ ತಗಲುತ್ತಿಲ್ಲವೆಂಬುದನ್ನು ಏನೂ ಇಲ್ಲವೆಂಬುದಕ್ಕೆ ಪ್ರಮಾಣವಾಗಿ ಹೇಳಬಾರದು. ಹೊರಗಿನಿಂದ ಬಂದವನು 'ಇಲ್ಲೇನೋ ನಾರುತ್ತಿದೆ' ಎಂದರೆ ಸಿಟ್ಟಾಗದೆ ಅವನನ್ನು ಒಳಗೆ ಕರೆದು ಎಲ್ಲಿ ಎಂದು ಕೇಳಬೇಕು. ಮನೆಗೆ ಸಲ್ಲುವ ಈ ಮಾತು ಓಣಿಗೂ ಊರಿಗೂ ದೇಶಕ್ಕೂ ಸಲ್ಲುತ್ತದೆಂದು ನನ್ನ ನಂಬಿಕೆ.

ಇದನ್ನೆಲ್ಲ ಮಾಡುವುದಕ್ಕೆ ಶಾಸ್ತ್ರಪಾಂಡಿತ್ಯ ಬೇಕಿಲ್ಲ. ಜಾಡು ಹಿಡಿಯುವವನು ಬಗ್ಗಬೇಕು, ಅಷ್ಟೆ. ಮೂಗನ್ನು ಎತ್ತಿ ಹಿಡಿದು ನಡೆದರೆ ಎದುರಿಗೆ ಕಾಣುವುದು ಮನುಷ್ಯರ ಮುಖ. ಸಿಕ್ಕಿದ ಮುಖದ ಮೇಲೆ ತಪ್ಪು ಹೊರಿಸುವುದು ಸುಲಭವಾಗುತ್ತದೆ. ಬಗ್ಗಿದರೆ ನೆಲ ಕಾಣುತ್ತದೆ. ಗಂಧವು ಪೃಥ್ವಿಯ ಗುಣವೆಂದು ಹೇಳಿದ ಹಿರಿಯರು ಹುಡುಕಬೇಕಾದ ಜಾಗವನ್ನೂ ಹೇಳಿಟ್ಟಿದ್ದಾರೆ.